ಸೋಮವಾರದ ಕಾಯಿಲ್

ಕಾರಿನ ಬಿಡಿಭಾಗದ ಅಂಗಡಿಗೆ ಹೆಂಗಸು ಒಬ್ಬಳೇ ಹೋದರೆ ಅಲ್ಲಿನವರು ಮೊದಲು ಅವಳ ಬೆನ್ನ ಹಿಂದೆ ನೋಡುತ್ತಾರೆ. ಗಂಡನೋ, ಮಗನೋ, ಡ್ರೈವರೋ ಗಾಡಿ ನಿಲ್ಲಿಸಿ ಬರುತ್ತಿರಬೇಕು ಅಂತ ಕಾಯುತ್ತಾರೆ. ಯಾರೂ ಬರಲಿಲ್ಲ ಅಂತಾದಾಗ ಮುಖ ಸಪ್ಪಗೆ ಮಾಡಿಕೊಂಡು ಏನು ಬೇಕಿತ್ತು ಮೇಡಂ ಅನ್ನುತ್ತಾರೆ. ತುಮಕೂರಿನಲ್ಲಿ ನಾನು ಹತ್ತಿ ಇಳಿದ ಅಂಗಡಿಗಳಲ್ಲೆಲ್ಲ ಇದೇ ಶಾಸ್ತ್ರ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ನಿವೃತ್ತಳಾದವಳು ನಾನು. ಇಂಜಿನ್ನಿಗೆ ಕಿಡಿ ಹುಟ್ಟಿಸುವ ಕಾಯಿಲ್ ಒಳಗೆ ತಂತಿ ಹೇಗೆ ಸುತ್ತಿರುತ್ತದೆ, ಹನ್ನೆರಡು ವೋಲ್ಟ್ ಹೇಗೆ ಸಾವಿರಾರು ವೋಲ್ಟ್ ಆಗುತ್ತದೆ ಅಂತ ಬೋರ್ಡಿನ ಮೇಲೆ ಬರೆದು ಬರೆದು ಚಾಕ್‌ಪೀಸ್ ಸವೆಸಿದ್ದೇನೆ. ಅಂಥವಳಿಗೆ ಅಂಗಡಿಯವನೊಬ್ಬ, ಕಾಯಿಲ್ ಅಂದರೆ ಕರೆಂಟ್ ಕೊಡುವ ಡಬ್ಬ ಅಂತ ಪಾಠ ಹೇಳಿದ. ಮೈಯೆಲ್ಲ ಉರಿಯಿತು.

ಕಾರು ಅಪ್ಪನದು. ಬಿಳಿ ಬಣ್ಣದ, ಗುಂಡು ಗುಂಡಗಿನ ಹಳೇ ಪೆಟ್ರೋಲ್ ಗಾಡಿ, ಗೇರು ಸ್ಟೇರಿಂಗ್ ಪಕ್ಕದಲ್ಲೇ. ಅಮೃತೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಕುಣಿಗಲ್ಲಿನ ತಮ್ಮ ಬಟ್ಟೆ ಅಂಗಡಿಗೆ ಅಪ್ಪ ಅದರಲ್ಲೇ ಓಡಾಡಿದರು. ನನಗೆ ಡ್ರೈವಿಂಗ್ ಕಲಿಸಿದ್ದೂ ಅದರಲ್ಲೇ. ಅವರು ತೀರಿಕೊಂಡ ಮೇಲೆ ಅವ್ವ ತುಮಕೂರಿಗೆ, ನಮ್ಮ ಮನೆಗೆ ಬಂದಳು. ಅವಳ ಹಿಂದೆ ಕಾರೂ ಬಂತು. ಅವ್ವನದು ಒಂದೇ ಕರಾರು. ಪ್ರತಿ ಸೋಮವಾರ ಹಳ್ಳಿಯ ತೋಟದ ಮೂಲೆಯಲ್ಲಿರುವ ಅಪ್ಪನ ಸಮಾಧಿಗೆ ಹೂವಿಟ್ಟು ಬರಬೇಕು, ಅದೂ ಅಪ್ಪನ ಕಾರಿನಲ್ಲೇ. ಅವಳ ಮಂಡಿಗೆ ಬಸ್ಸಿನ ಮೆಟ್ಟಿಲು ಆಗುವುದಿಲ್ಲ. ನನ್ನ ಯಜಮಾನರು ಕಂಟ್ರಾಕ್ಟರು. ಅವರ ಹೊಸ ಕಾರು ಬೆಳಗಾದರೆ ಸೈಟಿನಲ್ಲಿರುತ್ತದೆ. ಇದ್ದರೂ ಅವ್ವ ಅದನ್ನು ಹತ್ತುತ್ತಿರಲಿಲ್ಲ ಬಿಡಿ.

ಕಾರು ಬಂದ ದಿನ ನಾನು ಅದನ್ನು ಮೂಲೆ ಮೂಲೆ ತಿಕ್ಕಿದೆ. ಡ್ರೈವರ್ ಸೀಟಿನ ಕೆಳಗೆ ಅಪ್ಪನ ಹಳೇ ಪಂಚೆಯ ತುಂಡೊಂದು ನಾಲ್ಕು ಮಡಿಕೆಯಾಗಿ ಕೂತಿತ್ತು, ಬಿಳಿ ಧೂಳು ಮೆತ್ತಿಕೊಂಡು ಗಟ್ಟಿಯಾಗಿತ್ತು. ಅಂಗಡಿಯಲ್ಲಿ ಒಂದು ನೂಲು ಬಿದ್ದರೆ ಸಹಿಸದ ಮನುಷ್ಯ ಕಾರಿನಲ್ಲಿ ಇಂಥ ಕೊಳಕು ಇಟ್ಟುಕೊಂಡಿದ್ದರಲ್ಲ ಅಂತ ಬೈದುಕೊಂಡು, ಒಗೆದು, ಅಡುಗೆಮನೆಗೆ ಮಸಿಬಟ್ಟೆ ಮಾಡಿಕೊಂಡೆ.

ಮೊದಲ ಸೋಮವಾರವೇ ಕಾರು ನಿಂತಿತು. ಕುಣಿಗಲ್ ರಸ್ತೆಯಲ್ಲಿ ಊರು ದಾಟಿದ ಮೇಲೆ ಒಂದು ಸಣ್ಣ ಏರಿದೆ, ಮನೆಯಿಂದ ಮೂರು ಕಿಲೋಮೀಟರ್ ಇರಬಹುದು. ಅಲ್ಲಿಯ ತನಕ ಮುಗ್ಗರಿಸುತ್ತ ಬಂದು, ಏರಿನಲ್ಲಿ ನಾಲ್ಕು ಸಲ ಕೆಮ್ಮಿ ಸತ್ತುಹೋಯಿತು. ಬಾನೆಟ್ ತೆಗೆದು ಅರ್ಧ ಗಂಟೆ ಕೂತಮೇಲೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಹೊರಟಿತು. ಮುಂದಿನ ವಾರವೂ ಅಷ್ಟೆ, ಅದೇ ಏರು. ನಿಂತ ಹಳೇ ಕಾರಿನ ಮುಂದೆ ನಮ್ಮ ಜನಕ್ಕೆ ಬರುವ ಬುದ್ಧಿವಂತಿಕೆ ಇನ್ನೆಲ್ಲೂ ಬರುವುದಿಲ್ಲ. ಹಾಲಿನ ಕ್ಯಾನ್ ಕಟ್ಟಿಕೊಂಡು ಹೋಗುವವನು ಬೈಕ್ ನಿಲ್ಲಿಸಿ ಕಾರ್ಬ್ಯುರೇಟರ್ ಬಿಚ್ಚಿ ಅಂದ. ಎಳನೀರಿನವನು ಪೆಟ್ರೋಲಿಗೆ ನೀರು ಸೇರಿದೆ ಅಂದ. ಟೈ ಕಟ್ಟಿದ್ದ ಒಬ್ಬ ಮಹಾನುಭಾವ ಕಿಟಕಿ ಗಾಜನ್ನು ಅರ್ಧವೇ ಇಳಿಸಿ, ಮಾರಿಬಿಡಿ ಆಂಟಿ ಅಂದುಹೋದ. ಆಂಟಿಯಂತೆ, ಅವನ ತಲೆ.

ನಾನು ಮೇಷ್ಟ್ರು, ನನಗೆ ಲಕ್ಷಣ ಕಂಡಿತು, ಕಾಯಿಲೆಯೂ ಗೊತ್ತಾಯಿತು. ಬಿಸಿಯಾದರೆ ಸಾಯುವುದು, ತಣ್ಣಗಾದರೆ ಎದ್ದು ಕೂರುವುದು: ಇದು ಹಳೇ ಕಾಯಿಲ್‌ನದೇ ರೋಗ. ಸರಿ, ಆ ಕರೆಂಟ್ ಡಬ್ಬದ ಪಂಡಿತನ ಹತ್ತಿರವೇ ಹೊಸದು ತಂದೆ. ಕೈಗೆ ಹಗುರವಾಗಿತ್ತು, ಸ್ಟಿಕ್ಕರ್ ಸೊಟ್ಟಗೆ ಅಂಟಿಸಿತ್ತು, ಕಂಪನಿ ಹೆಸರಿನಲ್ಲಿ ಒಂದಕ್ಷರ ಕಡಿಮೆ. ಕೇಳಿದರೆ ಎಲ್ಲ ಬರೋದು ಹಿಂಗೇ ಅಂದ. ಮನೆಗೆ ತಂದಾಗ ಅವ್ವ ಅದನ್ನು ನನ್ನ ಕೈಯಿಂದ ಇಸಿದುಕೊಂಡು ದೇವರ ಮುಂದಿಟ್ಟು ವಿಭೂತಿ ಹಚ್ಚಿಯೇ ಕೊಟ್ಟಳು. ನಮ್ಮ ಮನೆಯಲ್ಲಿ ವಿಭೂತಿ ಇಲ್ಲದ ವಸ್ತುವೇ ಇಲ್ಲ. ಫ್ರಿಜ್ಜಿಗೆ, ಗ್ಯಾಸ್ ಒಲೆಗೆ, ಟಿವಿಗೆ, ನನ್ನ ಯಜಮಾನರ ಲ್ಯಾಪ್‌ಟಾಪಿಗೆ, ಎಲ್ಲಕ್ಕೂ ಮೂರು ಬೆರಳಿನ ಗೆರೆ. ಬುಧವಾರ ಕಾಯಿಲ್ ಹಾಕಿಸಿ ಓಡಿಸಿದೆ, ಕುದುರೆ ಹಾಗೆ ಓಡಿತು. ಸೋಮವಾರ ಏರಿನಲ್ಲಿ ನಿಂತಿತು.

ಮಂಗಳವಾರ ಅಂಗಡಿಗೆ ಹೋಗಿ ಗಿರಾಕಿಗಳ ಎದುರೇ ಅವನ ಬೆವರಿಳಿಸಿದೆ. ಕಳ್ಳಮಾಲು ಮಾರುತ್ತೀಯ, ವಯಸ್ಸಾದವರನ್ನು ರಸ್ತೆಯಲ್ಲಿ ಕೂರಿಸುತ್ತೀಯ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ನನ್ನ ಓಡಿಸುವ ರೀತಿಯೇ ಸರಿಯಿಲ್ಲವೇನೋ ಅಂದ. ಅದಕ್ಕೆ ಇನ್ನೊಂದಿಷ್ಟು ಅಂದು ಬಂದೆ.

ಆಮೇಲೆ ಹಳೇ ಕಾರುಗಳ ಶೋಕಿಲಾಲ ಒಬ್ಬರ ಪರಿಚಯವಾಯಿತು. ಅವರ ಶೆಡ್ಡಿನಲ್ಲಿ ಐದು ಕಾರು, ಐದಕ್ಕೂ ಸ್ಯಾಟಿನ್ ಹೊದಿಕೆ. ಹೊದಿಕೆ ತೆಗೆಯುವುದು ಭಾನುವಾರ, ಫೋಟೋಕ್ಕೆ. ಪ್ರದರ್ಶನಕ್ಕೆ ಹೋಗಬೇಕಾದರೆ ಅವರ ಕಾರು ಲಾರಿ ಹತ್ತಿ ಕೂತು ಹೋಗುತ್ತದೆ. ಇಂಥವರು ನನಗೆ, ತಪ್ಪೆಲ್ಲ ಕಿಡಿ ಒಯ್ಯುವ ಪ್ಲಗ್ ವೈರುಗಳದ್ದು, ಫಾರಿನ್ನಿನ ಕೆಂಪು ಸಿಲಿಕಾನ್ ವೈರು ಹಾಕಿಸಿ, ಬಾನೆಟ್ ತೆಗೆದರೆ ಲಕ್ಷಣವಾಗಿ ಕಾಣುತ್ತೆ ಅಂದರು. ಲಕ್ಷಣವಾಗಿ ಕಾಣುವುದಕ್ಕೆ ನಾನೇನು ಬಾನೆಟ್ಟಿನೊಳಗೆ ಆರತಿ ಶಾಸ್ತ್ರ ಮಾಡಬೇಕಿತ್ತಾ? ಆ ಕೆಂಪು ವೈರು ತಂದು ಒಂದು ತುದಿ ಬಿಚ್ಚಿ ನೋಡಿದೆ. ಒಳಗೆ ತಾಮ್ರವೇ ಇಲ್ಲ, ಕರಿ ದಾರದಂಥದ್ದು ಇತ್ತು. ಎಳೆದರೆ ಕ್ಲಿಪ್ಪಿನಿಂದ ಕಳಚಿ ಕೈಗೇ ಬಂತು. ವಾಪಸ್ಸು ಕೊಟ್ಟು, ತಾಮ್ರದ ಎಳೆ ಇರುವ ದಪ್ಪ ಕರಿ ವೈರು ತಂದು, ಅಳತೆಗೆ ಕತ್ತರಿಸಿ, ನನ್ನೆದುರೇ ಕ್ಲಿಪ್ ಒತ್ತಿಸಿ ಹಾಕಿಸಿದೆ. ಐದೂ ವೈರನ್ನು ಮೀಟರ್ ಇಟ್ಟು ನೋಡಿದೆ, ಒಂದಕ್ಕೂ ದೋಷವಿಲ್ಲ. ಆ ಸೋಮವಾರ ಜಿಟಿಜಿಟಿ ಮಳೆಯಿತ್ತು, ಕಾರು ನಿಂತದ್ದು ಮಾತ್ರವಲ್ಲ, ಮತ್ತೆ ಹೊರಡಲೂ ಇಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಮನೆಗೆ ಬಂದೆವು. ಅವ್ವನ ತೊಡೆಯ ಮೇಲೆ ಸೇವಂತಿಗೆ ಹೂ ಬಾಡಿ ಕೂತಿತ್ತು.

ನನ್ನ ಯಜಮಾನರು ಸಂಜೆ ಶೂ ಬಿಚ್ಚುತ್ತ, “ಇನ್ನೊಂದ್ಸಲ ನಿಂತ್ರೆ ಮುಗೀತು ಕಣೇ. ಗುಜರಿಯವನಿಗೆ ಹೇಳಿಟ್ಟಿದೀನಿ, ಮುಂದಿನ ಮಂಗಳವಾರ ಬಂದು ತಗೊಂಡು ಹೋಗ್ತಾನೆ” ಅಂದರು. ಅವ್ವ ಪಕ್ಕದಲ್ಲೇ ಹೂಬತ್ತಿ ಹೊಸೆಯುತ್ತಿದ್ದಳು. ಬತ್ತಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಅವಳು ಜಗಳ ಆಡಿದ್ದರೆ ಚೆನ್ನಾಗಿತ್ತು.

ಗುಬ್ಬಿಯಲ್ಲಿ ಒಬ್ಬ ಹಳೇ ಮೆಕ್ಯಾನಿಕ್ ಇದ್ದಾನೆ ಅಂತ ಯಾರೋ ಹೇಳಿದರು. ಬಸ್ಸಿನಲ್ಲಿ ಹೋದೆ. ಎಪ್ಪತ್ತು ದಾಟಿದ ಮನುಷ್ಯ, ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ತಗಡಿನ ಶೆಡ್ಡಿನಲ್ಲಿ ಕೂತಿದ್ದ. ಗೋಣಿಚೀಲದಿಂದ ಹಳೇ ಕಾಯಿಲ್ ಒಂದನ್ನು ತೆಗೆದು ನನ್ನ ಕೈಗಿಟ್ಟ. ಒಳಗೆ ಎಣ್ಣೆ ತುಂಬಿದ ಅಸಲಿ ಮಾಲು, ತೂಕ ಹಿಡಿದಾಗಲೇ ಗೊತ್ತಾಗುತ್ತಿತ್ತು. ವೈರಿನ ತುದಿಯನ್ನು ಶೆಡ್ಡಿನಲ್ಲಿದ್ದ ಹಳೇ ಇಂಜಿನ್ನೊಂದರ ಹತ್ತಿರ ಹಿಡಿದು ಕಿಡಿ ಹಾರಿಸಿ, ನೀಲಿ ಬಂದರೆ ಇಟ್ಟುಕೊಳ್ಳಿ, ಹಳದಿ ಬಂದರೆ ಎಸೀರಿ ಟೀಚರಮ್ಮ ಅಂದ. ನೀಲಿ ಬಂತು. ಆಮೇಲೆ ಗಾಡಿ ಎಷ್ಟು ದೂರ ಹೋದಮೇಲೆ ನಿಲ್ಲುತ್ತೆ ಅಂತ ಕೇಳಿದ. ಮೂರು ಕಿಲೋಮೀಟರ್ ಅಂದೆ.

“ಅಷ್ಟಕ್ಕೆಲ್ಲ ಕಾಯಿಲ್ ಬಿಸಿ ಆಗಲ್ವಲ್ಲ” ಅಂದ.

ನನಗೆ ಎಲ್ಲಿತ್ತೋ ಸಿಟ್ಟು. ತಂತಿ ಬಿಸಿಯಾದಾಗ ರೋಧ ಹೇಗೆ ಏರುತ್ತದೆ ಅಂತ ಕಾಲು ಗಂಟೆ ಪಾಠ ಮಾಡಿದೆ. ಅವನು ಬೀಡಿ ಹಚ್ಚಿಕೊಂಡು ಕೇಳಿದ. ನನ್ನ ಕ್ಲಾಸಿನ ಮಗುವೊಂದು ಆ ಪ್ರಶ್ನೆ ಕೇಳಿದ್ದರೆ ಬೆನ್ನು ತಟ್ಟಿ ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದೆ. ಮೆಕ್ಯಾನಿಕ್ ಕೇಳಿದ್ದಕ್ಕೆ ಇವನಿಗೇನು ಗೊತ್ತು ಅನ್ನಿಸಿತು.

ಆ ಕೊನೆಯ ಸೋಮವಾರ ಮೋಡ ಕವಿದಿತ್ತು. ಬೆಳಗ್ಗೆ ಬಾನೆಟ್ ತೆಗೆದು ನೀರು, ಆಯಿಲ್ ನೋಡಿ, ಫ್ಲಾಸ್ಕಿಗೆ ಕಾಫಿ ತುಂಬಿಸಲು ಒಳಗೆ ಹೋದೆ. ಬರುವ ಹೊತ್ತಿಗೆ ಅವ್ವ ಸ್ನಾನ ಮುಗಿಸಿ, ಹಣೆ ತುಂಬ ವಿಭೂತಿ ಇಟ್ಟು, ಕಾರಿನ ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದಳು. ಬಾನೆಟ್ ಮುಚ್ಚಿದೆ, ಹೊರಟೆವು. ಏರು ಬಂತು. ಕಾರು ಕೆಮ್ಮಿತು, ನಿಂತಿತು.

ನಾನು ಸ್ಟೇರಿಂಗ್ ಮೇಲೆ ತಲೆ ಇಟ್ಟು ಅತ್ತುಬಿಟ್ಟೆ. ಸುಮ್ಮನೆ ಅಲ್ಲ, ಚೆನ್ನಾಗಿಯೇ ಅತ್ತೆ. ನಾಳೆ ಗುಜರಿಯವನು ಬರುತ್ತಾನೆ. ಅವ್ವ ಸೋಮವಾರ ಸೋಮವಾರ ಹೂವು ಕಟ್ಟಿಕೊಂಡು ಬಾಗಿಲಲ್ಲಿ ಕೂತಿರುತ್ತಾಳೆ. ಕಣ್ಣೊರೆಸಿಕೊಂಡು, ಕೊನೇ ಸಲ ನೋಡಿಯೇಬಿಡೋಣ ಅಂತ ಇಳಿದು ಬಾನೆಟ್ ಎತ್ತಿದೆ. ಅವ್ವನಿಗೆ ಈ ಕಡೆ ಸರಿದು ಕೀ ತಿರುಗಿಸು ಅಂದೆ. ನಲವತ್ತು ವರ್ಷ ಆ ಕಾರಿನಲ್ಲಿ ಕೂತವಳು ಕೀ ಮುಟ್ಟಿದ್ದೇ ಇಲ್ಲ. ಯಾವ ಕಡೆಗೆ ಅಂತ ಕೇಳಿಕೊಂಡು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು.

ಮೋಡದ ಬೆಳಕು, ಬಾನೆಟ್ಟಿನ ಕೆಳಗೆ ಮಬ್ಬು. ಕಾಯಿಲ್‌ನ ಕರಿ ನೆತ್ತಿಯಿಂದ ಟಿಕ್ ಟಿಕ್ ಅಂತ ಸದ್ದು ಬಂತು. ಬಗ್ಗಿ ನೋಡಿದೆ. ನೂಲಿನಷ್ಟು ಸಣ್ಣ ನೀಲಿ ಕಿಡಿ ನಡುವಿನ ತೂತಿನಿಂದ ಹೊರಟು, ಹಸಿ ವಿಭೂತಿಯ ಗೆರೆ ಹಿಡಿದು ಹರಿದು, ಪಕ್ಕದ ನಟ್ಟಿಗೆ ಹೋಗಿ ಸೇರುತ್ತಿತ್ತು. ಪ್ಲಗ್ಗಿಗೆ ಹೋಗಬೇಕಾದ ಕಿಡಿ. ಏರಿನಲ್ಲಿ ಇಂಜಿನ್ನಿಗೆ ಜೋರು ಕಿಡಿ ಬೇಕು, ಅಲ್ಲೇ ಸೋತು ನಿಲ್ಲುತ್ತಿತ್ತು. ಮೂರು ಗೆರೆ, ಒದ್ದೆ ಆರಿರಲಿಲ್ಲ.

ಇಷ್ಟು ವಾರ ಆ ಗೆರೆ ಕಣ್ಣಿಗೆ ಬಿದ್ದಿರಲಿಲ್ಲವಾ? ಬಿದ್ದಿತ್ತು. ಹಣೆಯ ಮೇಲಿನ ವಿಭೂತಿಯನ್ನು ಯಾರಾದರೂ ನೋಡುತ್ತಾರಾ? ನನ್ನ ಹಾಗೇ ದಾರಿಯ ಬುದ್ಧಿವಂತರೂ ನೋಡಿದ್ದರು, ದೇವರದ್ದು ಅಂತ ಕೈ ಇಡದೆ ಬಿಟ್ಟಿದ್ದರು. ಒಣಗಿದಮೇಲೆ ಉದುರುತ್ತಿತ್ತು, ಕಾರು ಹೊರಡುತ್ತಿತ್ತು, ಬುಧವಾರ ಕುದುರೆಯಾಗುತ್ತಿತ್ತು. ಹಸಿ ಬೂದಿ ವಿದ್ಯುತ್ತನ್ನು ಹರಿಸುತ್ತದೆ ಅನ್ನುವುದು ಹೈಸ್ಕೂಲಿನ ಪಾಠ. ಅದನ್ನು ಹೇಳಿಕೊಟ್ಟ ದಡ್ಡಿ ನಾನೇ.

ಸೆರಗಿನಿಂದ ಒರೆಸಿದೆ. ಬಂದು ಕೀ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹೊರಡಿಸದೆ ಹಾಗೇ ಕೂತು ಅವ್ವನ ಕಡೆ ತಿರುಗಿದೆ. ಪ್ರತಿ ಸೋಮವಾರವೂ ಕಾಯಿಲ್‌ಗೆ ವಿಭೂತಿ ಹಚ್ಚುತ್ತಿದ್ದದ್ದು ನೀನಾ ಅಂತ ಕೇಳಿದೆ.

“ಇನ್ಯಾರು ಹಚ್ತಾರೆ? ಕಾರಿನ ಜೀವ ಅದೇ ಅಂತ ನಿಮ್ಮಪ್ಪನೇ ಒಂದಿನ ತೋರ್ಸಿದ್ರು. ಅವತ್ತಿಂದ ಸೋಮವಾರ ತಪ್ಸಿಲ್ಲ.”

“ಅಪ್ಪನ ಕೈಲಿ ಕಾರು ಒಂದಿನವೂ ನಿಲ್ತಿರಲಿಲ್ವಲ್ಲ ಅವ್ವ.”

“ಹೆಂಗೆ ನಿಲ್ತದೆ? ಬೇಲಿ ತಿರುವಲ್ಲಿ ನಿಲ್ಸಿ ಒರಸ್ಕೊಂಡೇ ಹೋಗ್ತಿದ್ರು. ನಂಗೆ ಕಾಣಲ್ಲ ಅಂದ್ಕೊಂಡಿದ್ರು. ಹಿತ್ತಲಿಂದ ಕಾಣ್ತಿತ್ತು.”

ಒರೆಸುತ್ತಾರೆ ಅಂತ ಗೊತ್ತಿದ್ದೂ ಮತ್ತೆ ಮತ್ತೆ ಹಚ್ಚುತ್ತಿದ್ದೆಯಾ ಅಂತ ಕೇಳಿದೆ. ಅವ್ವ ಬುಟ್ಟಿಯ ಹೂವಿಗೆ ನೀರು ಚಿಮುಕಿಸಿದಳು.

“ಒರಸ್ತಾರೆ ಅಂತ ಗೊತ್ತಿತ್ತಲ್ಲ, ಅದಕ್ಕೇ ಧೈರ್ಯವಾಗಿ ಹಚ್ತಿದ್ದೆ. ನೀನೂ ಒರಸ್ತೀಯ ಅಂದ್ಕೊಂಡೆ ಕಣವ್ವ. ಬಟ್ಟೆ ಸೀಟಿನ ಕೆಳಗೇ ಇತ್ತಲ್ಲ.”

ಆ ಬಟ್ಟೆ ಅಡುಗೆಮನೆಯಲ್ಲಿ ಒಲೆಯ ಪಕ್ಕ ನೇತಾಡುತ್ತಿತ್ತು. ಅಷ್ಟು ವರ್ಷದ ಸೋಮವಾರಗಳನ್ನು ನಾನು ಸೋಪು ಹಾಕಿ ತಿಕ್ಕಿ ತಿಕ್ಕಿ ತೆಗೆದಿದ್ದೆ, ಅಪ್ಪನನ್ನು ಕೊಳಕ ಅಂತ ಬೈದುಕೊಂಡು.

ಸಮಾಧಿಗೆ ಹೋಗಿ ಹೂವಿಟ್ಟು ಬಂದೆವು. ಸಂಜೆ ಯಜಮಾನರಿಗೆ ಗುಬ್ಬಿಯ ಕಾಯಿಲ್ ಅಸಲಿ ಮಾಲು, ಇನ್ನು ಕಾರು ನಿಲ್ಲುವುದಿಲ್ಲ, ಗುಜರಿಯವನಿಗೆ ಬರಬೇಡ ಅನ್ನಿ ಅಂದೆ. ನಿಜ ಹೇಳಿದ್ದರೆ ಅವ್ವನಿಗೆ ಉಪದೇಶ ಮಾಡಲು ಕೂರುತ್ತಿದ್ದರು, ಅದು ಯಾರಿಗೆ ಬೇಕು. ಅಂಗಡಿಯವನ ಹತ್ತಿರ ತಪ್ಪಾಯಿತು ಅಂದೆನಾ? ಇಲ್ಲ. ಅವನ ಸ್ಟಿಕ್ಕರ್ ಸೊಟ್ಟಗಿತ್ತು. ಗುಬ್ಬಿಗೆ ಮಾತ್ರ ಒಂದು ದಿನ ಹೋಗಿ, ನೀವು ಕೇಳಿದ್ದೇ ಸರಿ ಅಂತ ಹೇಳಿಬಂದೆ.

ಈಗ ಸೋಮವಾರ ಬೆಳಗ್ಗೆ ಬಾನೆಟ್ ತೆಗೆದು ಬೇಕೆಂದೇ ಒಳಗೆ ಹೋಗುತ್ತೇನೆ. ಎರಡು ಲೋಟ ಕಾಫಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಹೊತ್ತು ತೆಗೆದುಕೊಳ್ಳುತ್ತೇನೆ. ನಮ್ಮ ಬೀದಿಯ ತಿರುವಿನಲ್ಲಿ ಕಾರು ನಿಲ್ಲಿಸಿ, ರೇಡಿಯೇಟರಿನ ನೀರು ನೋಡಬೇಕು ಅಂತ ಇಳಿಯುತ್ತೇನೆ. ಅವ್ವ ತಕ್ಷಣ ಆ ಕಡೆಯ ಕಿಟಕಿಗೆ ಮುಖ ತಿರುಗಿಸಿ ಸೀಬೆಹಣ್ಣಿನ ಗಾಡಿ ನೋಡುತ್ತ ಕೂರುತ್ತಾಳೆ. ಪಂಚೆಯ ತುಂಡನ್ನು ಮಡಚಿ ಸೀಟಿನ ಕೆಳಗಿಟ್ಟು ನಾನು ಹತ್ತಿ ಕೂತಮೇಲೆ, ನೀರು ಸರಿಯಾಗಿತ್ತಾ ಅಂತ ಕೇಳುತ್ತಾಳೆ. ಸರಿಯಾಗಿತ್ತು ಅವ್ವ ಅನ್ನುತ್ತೇನೆ.