ಮೂರು ದಿನದ ನಲವತ್ತು

ಅಣೆಕಟ್ಟಿನ ಕಚೇರಿಯಲ್ಲಿ ಆಕೆಯನ್ನು ಎಲ್ಲರೂ ಸೋರಿಕೆ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷಗಳಿಂದ ದಿನಾ ಬೆಳಿಗ್ಗೆ ಕಟ್ಟೆಯ ಹೊಟ್ಟೆಯೊಳಗಿನ ಸುರಂಗಕ್ಕೆ ಇನ್ನೂರ ಹನ್ನೆರಡು ಮೆಟ್ಟಿಲು ಇಳಿಯುವಳು. ಗೋಡೆಯಿಂದ ಒಸರಿದ ನೀರು ಕೊಳವೆಯಿಂದ ಬೀಳುವಲ್ಲಿ ಬಕೆಟ್ ಇಟ್ಟು, ತುಂಬಲು ಎಷ್ಟು ಸೆಕೆಂಡ್ ಹಿಡಿಯಿತೆಂದು ಬರೆಯುವಳು. ಅಷ್ಟು ದೊಡ್ಡ ಕಟ್ಟೆ ಕೊಂಚ ಸೋರುವುದು ಸಹಜ. ಸೋರಿಕೆ ಹೆಚ್ಚಿತೇ ಎಂಬುದಷ್ಟೇ ಚಿಂತೆ. ಮೂರು ಊರಿನ ನಲ್ಲಿಗಳಿಗೆ ಇಲ್ಲಿಂದಲೇ ನೀರು. ಕೆಳಗೆ ಹೊಳೆದಂಡೆಯ ಬೀದಿಯಲ್ಲಿ ಆಕೆಯ ತಂಗಿಯ ಮನೆ.

"ನೀನು ಬಕೆಟ್ ಹಿಡ್ಕೊಂಡಿರೋವರೆಗೂ ನಾನು ಕಾಲು ಚಾಚಿ ಮಲಗ್ತೀನಿ ಕಣೇ ಅಕ್ಕ" ಎಂದು ತಂಗಿ ನಗುತ್ತಿದ್ದಳು.

ತಿಂಗಳುಗಟ್ಟಲೆ ಬಕೆಟ್ ತುಂಬಲು ಹಿಡಿದದ್ದು ನಲವತ್ತು ಸೆಕೆಂಡ್. ಈ ವಾರ ಮಂಡಿ ಊದಿಕೊಂಡು ಇಳಿಯಲಾಗಲಿಲ್ಲ. ಹೇಳಿದರೆ ಕೆಲಸ ಬೇರೆಯವರ ಪಾಲಾದೀತೆಂಬ ಅಂಜಿಕೆ. ಮೂರು ದಿನ ಕುರ್ಚಿಯಲ್ಲೇ ಕೂತು ನಲವತ್ತು ಎಂದು ಬರೆದಳು. ನಾಲ್ಕನೆಯ ದಿನ ಇಳಿದಾಗ ಬಕೆಟ್ ಇಪ್ಪತ್ತೆರಡಕ್ಕೇ ತುಂಬಿತು. ಮತ್ತೆ ಮತ್ತೆ ಇಟ್ಟಳು. ಅದೇ ಇಪ್ಪತ್ತೆರಡು.

ಮೇಲೆ ಕಚೇರಿಯಲ್ಲಿ, ಆಕೆಯ ಮಗಳ ವಯಸ್ಸಿನ ಇಂಜಿನಿಯರ್ ಅಂಕಿ ನೋಡಿ ಎದ್ದು ನಿಂತಳು. "ಒಂದೇ ದಿನದಲ್ಲಿ ಇಷ್ಟಾ? ಒಳಗೆ ಏನೋ ಬಿರಿದಿದೆ ಅಕ್ಕ. ಗೇಟು ಪೂರ್ತಿ ತೆಗೆಸ್ಬೇಕು." ಫೋನ್ ಕೈಗೆತ್ತಿಕೊಂಡಳು.

ಗೇಟು ಪೂರ್ತಿ ತೆಗೆದರೆ ಬೇಸಿಗೆಗೆಂದು ಕೂಡಿಟ್ಟ ನೀರೆಲ್ಲ ಹೋಯಿತು, ಹೊಳೆದಂಡೆಯ ಬೀದಿ ಮುಳುಗಿತು. ಆದರೆ ನಾಲ್ಕು ದಿನದ ಮಳೆಗೆ ಜಲಾಶಯ ಎರಡಾಳೆತ್ತರ ಏರಿತ್ತು. ಸೋರಿಕೆಯೂ ಅದರ ಜೊತೆ ಮೆಲ್ಲಗೆ ಏರಿರಬಹುದು. ಇಲ್ಲವೇ ನಿನ್ನೆಯೇ ಬಿರಿದಿರಬಹುದು. ಯಾವುದೆಂದು ಹೇಳಬೇಕಾದ ಮೂರು ಅಂಕಿಗಳನ್ನು ಆಕೆಯೇ ನುಂಗಿ ಕೂತಿದ್ದಳು.

"ಫೋನ್ ಇಡಮ್ಮ. ಮೂರು ದಿನ ನಾನು ಇಳಿದೇ ಇಲ್ಲ."

"ತಮಾಷೆ ಮಾಡ್ತಿದೀರಾ?"

"ಈ ಮಂಡಿ ಇಟ್ಕೊಂಡು ತಮಾಷೆ ಬೇರೆ ಕೇಡು ನಂಗೆ."

ಇಂಜಿನಿಯರ್ ಫೋನ್ ಕೆಳಗಿಟ್ಟಳು. "ನೀರು ತಿಳಿಯಾಗಿದೆಯಾ, ಇಲ್ಲಾ ಒಳಗಿನ ಮಣ್ಣು ಕೊಚ್ಚಿ ಕದಡಿದೆಯಾ?"

"ತಿಳಿಯಾಗಿದೆ. ಅದನ್ನಂತೂ ಕಣ್ಣಾರೆ ಕಂಡೆ."

"ನೀವು ಇಳೀದೇ ಇದ್ದದ್ದನ್ನ ಬರೀದೆ ಬಿಡೋಕಾಗಲ್ಲ ಅಕ್ಕ."

"ಬರಿ ತಾಯಿ. ಮೊದಲು ಗಂಟೆಗೊಂದು ಸಲ ಅಳೆಯೋಣ ಬಾ."

ಗೇಟಿನ ಬಳಿ ಜನ ಸಿದ್ಧರಿರಲೆಂದು ಹೇಳಿ ಇಬ್ಬರೂ ಇಳಿದರು. ಆಕೆ ಒಂದೊಂದು ಮೆಟ್ಟಿಲಿಗೂ ಗೋಡೆ ಹಿಡಿದಳು. ಗುಂಡಿ ಒತ್ತಿ ಸೆಕೆಂಡ್ ಅಳೆಯುವ ಗಡಿಯಾರ ಈಗ ಇಂಜಿನಿಯರ್ ಕೈಯಲ್ಲಿತ್ತು. ಬಕೆಟ್ ಇಡುವುದಷ್ಟೇ ಆಕೆಗೆ ಉಳಿದದ್ದು. ಇಪ್ಪತ್ತೆರಡು. ಗಂಟೆ ಬಿಟ್ಟು ಮತ್ತೆ ಇಪ್ಪತ್ತೆರಡು. ಮಧ್ಯಾಹ್ನಕ್ಕೆ ಇಪ್ಪತ್ತೊಂದು.

"ನನ್ನ ಬೆರಳು ಮುಂಚೆ ಒತ್ತಿಬಿಡ್ತೇನೋ. ಇಪ್ಪತ್ತೆರಡು ಅಂತ್ಲೇ ಹಾಕ್ಲಾ?"

"ಬೇಡ. ಬಂದದ್ದು ಇಪ್ಪತ್ತೊಂದು."

ಸುರಂಗದೊಳಗೆ ಫೋನ್ ಹಿಡಿಯುತ್ತಿರಲಿಲ್ಲ. "ಸೋರಿಕೆ ಮೆಲ್ಲಗೆ ಏರ್ತಿದೆ. ಗೇಟು ಸ್ವಲ್ಪವೇ ತೆಗೆಸ್ತೀನಿ. ಅದಕ್ಕೆ ಮೊದಲು ಹೊಳೆದಂಡೆಯೋರನ್ನ ಎತ್ತರಕ್ಕೆ ಕಳಿಸ್ತೀನಿ" ಎಂದು ಇಂಜಿನಿಯರ್ ಗಡಿಯಾರವನ್ನು ಆಕೆಯ ಅಂಗೈಗೆ ತುರುಕಿ ಮೆಟ್ಟಿಲು ಹತ್ತಿದಳು. ಆಕೆ ಬಕೆಟ್ ಬಗ್ಗಿಸಿ ನೀರು ಚೆಲ್ಲಿ, ಮತ್ತೆ ಕೊಳವೆಯ ಕೆಳಗಿಟ್ಟಳು.