ನಂದು ಆಗೇತಿ, ನೀ ಮಾಡು

ಮಗಳನ್ನು ಶಾಲೆಗೆ ಹಾಕಿದ ಮೊದಲ ವಾರದಲ್ಲೇ ನನಗೆ ಅಡುಗೆ ಬರುವುದಿಲ್ಲವೆಂದು ಸವಣೂರಿನ ಅರ್ಧ ಊರಿಗೆ ಗೊತ್ತಾಯಿತು. ಮದುವೆಯಾಗಿ ಬಂದ ದಿನದಿಂದ ಈ ಮನೆಯ ಒಲೆ ನನ್ನ ಪಾಲಿನದು. ನಾನು ಮಾಡಿದ ಎಣ್ಣಿಗಾಯಿ ತಿಂದು ಬೆರಳು ನೆಕ್ಕಿದವರೇ, ನಾಲ್ಕು ವರ್ಷದ ಕೂಸೊಂದು ಡಬ್ಬಿಯನ್ನು ತುಂಬಿದ್ದು ತುಂಬಿದ ಹಾಗೆ ಮನೆಗೆ ತಂದದ್ದೇ ತಡ, ನನಗೆ ಉಪ್ಪಿಟ್ಟು ತಿರುವುವುದು ಹೇಗೆಂದು ಹೇಳಿಕೊಡಲು ಬಂದರು. ಈಗ ನೆನೆಸಿಕೊಂಡರೂ ಮೈ ಉರಿಯುತ್ತದೆ.

ಅದು ಬಾಡಿಗೆ ಕಟ್ಟಡದಲ್ಲಿ ನಡೆಯುವ ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆ. ಎಲ್‌ಕೆಜಿ ಮಕ್ಕಳನ್ನು ಮಧ್ಯಾಹ್ನಕ್ಕೆ ಬಿಟ್ಟುಬಿಡುತ್ತಾರೆ, ನಡುವೆ ಒಮ್ಮೆ ನಾಷ್ಟಾಕ್ಕೆ ಗಂಟೆ ಹೊಡೆಯುತ್ತಾರೆ. ಹೆಸರು ಹಚ್ಚುವಾಗಲೇ ಮಿಸ್ ನನ್ನನ್ನು ಎದುರಿಗೆ ಕೂಡಿಸಿಕೊಂಡು ನಿಯಮ ಹೇಳಿದ್ದರು. ರೊಟ್ಟಿ ಬೇಡ, ಚೂರು ಉದುರುತ್ತದೆ. ಬೆಳ್ಳುಳ್ಳಿ ಹಾಕಿದ್ದು ಬೇಡ, ಕ್ಲಾಸೆಲ್ಲ ವಾಸನೆ. ಎಣ್ಣೆಯದು ಬೇಡ, ಖಾರಾವಂತೂ ಬೇಡವೇ ಬೇಡ. ಸವಣೂರಿನಲ್ಲಿ ಕೂತು ಖಾರಾ ಬೇಡ ಎನ್ನುವ ಧೈರ್ಯಕ್ಕೆ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಅದೇ ಶಾಲೆಯಲ್ಲಿ ಯಾವುದೋ ಕೂಸಿನ ಹುಟ್ಟುಹಬ್ಬ ಬಂದರೆ ಅಂಗಡಿಯ ಚಿಪ್ಸ್ ಪಾಕೀಟನ್ನು ಎಲ್ಲರ ಕೈಗೂ ಕೊಟ್ಟು ಕಳಿಸುತ್ತಾರೆ. ಅದರಲ್ಲಿ ಎಣ್ಣೆ ಇಲ್ಲ, ಬರೀ ಗಾಳಿ ಇರುತ್ತದೆ ಎಂದು ಅವರ ಲೆಕ್ಕ ಇದ್ದೀತು.

ಆದರೂ ನಿಯಮ ಪಾಲಿಸಿದೆ. ಮೊದಲ ದಿನ ಶೇಂಗಾ ಹಾಕಿ ಉಪ್ಪಿಟ್ಟು ಮಾಡಿದೆ, ವಾಪಸ್ ಬಂತು. ಮಾರನೆಯ ದಿನ ಒಗ್ಗರಣೆ ಅವಲಕ್ಕಿ, ಅದೂ ವಾಪಸ್. ಚಪಾತಿಗೆ ತುಪ್ಪ ಬೆಲ್ಲ ಸವರಿ ಸುರುಳಿ ಸುತ್ತಿ ಕಳಿಸಿದೆ. ಗುಂಡುಗುಂಡಾಗಿ ಪಡ್ಡು ಹಾಕಿ, ಚಟ್ನಿ ಬೆರಳಿಗೆ ಹತ್ತೀತೆಂದು ಅದನ್ನೂ ಬಿಟ್ಟು ಕಳಿಸಿದೆ. ಯಾವುದನ್ನೂ ಅವಳು ಮುಟ್ಟಿರಲಿಲ್ಲ. ಮುಚ್ಚಳ ತೆಗೆದರೆ ನಾನು ಮುಂಜಾನೆ ಚಮಚದಿಂದ ಒತ್ತಿದ ಗುರುತು ಕೂಡ ಹಾಗೇ ಇರುತ್ತಿತ್ತು.

ನನ್ನನ್ನು ಹುಚ್ಚಿ ಮಾಡಿದ್ದು ಇನ್ನೊಂದು. ಆಟೋದಿಂದ ಇಳಿದು ಮನೆಗೆ ಬಂದವಳೇ ಅವಳು ಪಡಸಾಲೆಯಲ್ಲಿ ಎಲೆಯಡಿಕೆ ತಟ್ಟೆ ಇಟ್ಟುಕೊಂಡು ಕೂತ ಅಜ್ಜಿಯ ಪಕ್ಕ ಕೂತು, ಅದೇ ಡಬ್ಬಿ ಬಿಚ್ಚಿ, ಅದೇ ತಣ್ಣಗಾದ ಉಪ್ಪಿಟ್ಟನ್ನು ಗಬಗಬನೆ ತಿನ್ನುತ್ತಿದ್ದಳು. ಒಂದು ಕಾಳು ಬಿಡುತ್ತಿರಲಿಲ್ಲ. ತಿಂದವಳು ಅಲ್ಲೇ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋಗುತ್ತಿದ್ದಳು. ಕೆನ್ನೆಯ ಮೇಲೆ ಕಣ್ಣೀರು ಒಣಗಿದ ಗೆರೆ ಕಾಣುತ್ತಿತ್ತು.

"ಸಾಲ್ಯಾಗ ಯಾಕ ತಿನ್ನಲಿಲ್ಲ?" ಎಂದು ಕೇಳಿದರೆ ಅವಳದು ಒಂದೇ ಉತ್ತರ.

"ಯಾರೂ ಹೇಳ್ಲಿಲ್ಲ."

ಅಲ್ಲಿಗೆ ನನ್ನ ಸಿಟ್ಟಿಗೆ ದಾರಿ ಸಿಕ್ಕಿತು. ಇಷ್ಟು ಸಣ್ಣ ಕೂಸಿಗೆ ಡಬ್ಬಿ ಬಿಚ್ಚಿ 'ತಿನ್ನು' ಎಂದು ಹೇಳುವವರಿಲ್ಲವೆಂದರೆ ಆ ಮಿಸ್ ಮಾಡುವುದೇನು? ಮರುದಿನ ಗೇಟಿನಲ್ಲೇ ಅವರನ್ನು ತಡೆದು ಕೇಳಿದೆ. ವಯಸ್ಸಿನಲ್ಲಿ ನನಗಿಂತ ಚಿಕ್ಕ ಹುಡುಗಿ, ಆದರೆ ಮಾತಿನಲ್ಲಿ ನನ್ನಜ್ಜಿ.

"ನಾ ಎಲ್ಲಾರಿಗೂ 'ಈಟ್, ಈಟ್' ಅಂತ ದಿನಾ ಹೇಳ್ತೇನ್ರಿ ಮೇಡಂ. ನಿಮ್ಮಾಕಿಗೆ ಹಸಿವಿರೂದಿಲ್ಲ. ಮುಂಜಾನೆ ಹಾಲು ಜಾಸ್ತಿ ಕುಡಸ್ತೀರೇನು? ಮತ್ತ ಬಾಜೂದ ಹುಡುಗರಿಗೂ ತಿನ್ನಾಕ ಬಿಡೂದಿಲ್ಲ, ಬರೇ ಮಾತು. ಇನ್ನಾ ಸಣ್ಣಾಕಿ ಅದಾಳ. ಹಿಂಗ ಆದ್ರ ಈ ವರ್ಷ ಮನ್ಯಾಗ ಇಟ್ಕೋರಿ, ಮುಂದಿನ ವರ್ಷ ತರ್ರಿ."

ಶಾಲೆಗೆ ಹೋಗಬೇಕೆಂದು ಮುಂಜಾನೆ ನನಗಿಂತ ಮೊದಲು ಎದ್ದು ಬೂಟು ಹಾಕಿಕೊಂಡು ಕೂರುವ ಕೂಸು ನನ್ನದು. ಅವಳನ್ನು ಒಂದು ಡಬ್ಬಿ ಉಪ್ಪಿಟ್ಟಿನ ನೆವದಲ್ಲಿ ಮನೆಗೆ ಅಟ್ಟುವ ಮಾತು! ಸಂಜೆ ಮನೆಯಲ್ಲಿ ಹೇಳಿದರೆ, ಶಿಗ್ಗಾವಿಗೆ ದಿನಾ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವ ನನ್ನ ಗಂಡ ಮೊಬೈಲಿನಿಂದ ತಲೆ ಎತ್ತದೆ, "ನೀ ಉಪ್ಪಿಟ್ಟಿಗೆ ನೀರು ಜಾಸ್ತಿ ಹಾಕ್ತಿ, ಅಂಟಾಗ್ತೈತಿ" ಎಂದ. ಆ ಅಂಟಿನ ಉಪ್ಪಿಟ್ಟನ್ನೇ ಎರಡು ಸಲ ಹಾಕಿಸಿಕೊಂಡು ತಿಂದು ಬಸ್ಸು ಹತ್ತಿದವನು ಅವನು. ಅತ್ತೆ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯೆಲ್ಲ ಘಾಟು ತುಂಬಿತೇ ಹೊರತು ಡಬ್ಬಿ ಖಾಲಿಯಾಗಲಿಲ್ಲ. ಎದುರು ಮನೆಯವಳು ನೂಡಲ್ಸ್ ಕಟ್ಟಿ ನೋಡು ಎಂದಳು. ಅದನ್ನೂ ಕಟ್ಟಿದೆ. ಮಧ್ಯಾಹ್ನಕ್ಕೆ ಅದು ಡಬ್ಬಿಯ ಆಕಾರದಲ್ಲೇ ಗಟ್ಟಿಯಾಗಿ ಹೊರಬಂತು.

ಒಂದು ದಿನ ಅವಳು ನೀರಿನ ಬಾಟಲಿ ಮನೆಯಲ್ಲೇ ಬಿಟ್ಟು ಹೋಗಿದ್ದಳು. ಕೊಟ್ಟು ಬರೋಣವೆಂದು ಹೋದೆ. ನಾನು ಕಾಂಪೌಂಡಿನ ಒಳಗೆ ಕಾಲಿಡುವುದಕ್ಕೂ ನಾಷ್ಟಾದ ಗಂಟೆ ಹೊಡೆಯುವುದಕ್ಕೂ ಸರಿಹೋಯಿತು. ಬಾಗಿಲಿಗೆ ಹೋಗದೆ ಕಿಟಕಿಯ ಪಕ್ಕ ನಿಂತೆ.

ಮಕ್ಕಳೆಲ್ಲ ಚಾಪೆಯ ಮೇಲೆ ಸಾಲಾಗಿ ಕೂತು ಡಬ್ಬಿ ಬಿಚ್ಚಿದರು. ನನ್ನ ಮಗಳೂ ಬಿಚ್ಚಿದಳು. ಬಿಚ್ಚಿ, ಎಡಗಡೆಯ ಹುಡುಗಿಯ ಕಡೆ ತಿರುಗಿ, "ಬಾ, ನಾಷ್ಟಾ ಮಾಡೂಣು" ಎಂದಳು. ಆ ಹುಡುಗಿಯ ಬಾಯಿ ತುಂಬಿತ್ತು. ಅದು ಮಿಸ್ ಕಡೆ ನೋಡಿ ಸುಮ್ಮನಾಯಿತು. ಮಗಳು ಬಲಗಡೆಯವನ ಕಡೆ ತಿರುಗಿ ಮತ್ತೆ ಕರೆದಳು. "ನೋ ಟಾಕಿಂಗ್! ಓನ್ಲಿ ಈಟಿಂಗ್!" ಎಂದು ಮಿಸ್ ಮೇಜು ಬಡಿದರು. ಮಗಳು ಆ ಕೂಡಲೇ ಮಿಸ್ ಅನ್ನೇ ನೋಡಿ, ಮೆಲ್ಲಗೆ, "ಬರ್ರಿ ಮಿಸ್" ಎಂದಳು. ಮಿಸ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು.

ಆಮೇಲೆ ಅವಳು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕೂತಳು. ಒಮ್ಮೆ ಇವರ ಮುಖ, ಒಮ್ಮೆ ಅವರ ಮುಖ ನೋಡಿದಳು. ಗಂಟೆ ಹೊಡೆಯಿತು. ತಾನೇ ಮುಚ್ಚಳ ಒತ್ತಿ ಡಬ್ಬಿಯನ್ನು ಚೀಲದಲ್ಲಿಟ್ಟಳು.

ಯಾರೂ ಹೇಳಲಿಲ್ಲ ಎಂದರೆ ಏನೆಂದು ಆಗ ನನಗೆ ತಿಳಿಯಿತು. ಕಿಟಕಿಯ ಸರಳು ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟೆ.

ನಮ್ಮ ಕಡೆ ಪಕ್ಕದಲ್ಲಿ ಕೂತವರನ್ನು ಕರೆಯದೆ ತುತ್ತು ಎತ್ತುವುದಿಲ್ಲ. ಯಲವಿಗಿ ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ಬುತ್ತಿ ಬಿಚ್ಚಿದವರು ಕೂಡ ಗುರುತು ಪರಿಚಯ ಇಲ್ಲದವರಿಗೆ "ಬರ್ರಿ, ಊಟಾ ಮಾಡೂಣು" ಎನ್ನುತ್ತಾರೆ. ಕರೆಸಿಕೊಂಡವರು "ನಂದು ಆಗೇತ್ರಿ, ನೀವು ಮಾಡ್ರಿ" ಎನ್ನುತ್ತಾರೆ. ಎಷ್ಟೋ ಸಲ ಅವರದು ಆಗಿರುವುದಿಲ್ಲ, ಹೊಟ್ಟೆ ಚುರುಗುಡುತ್ತಿರುತ್ತದೆ. ಆದರೂ ಹಾಗೆ ಹೇಳಬೇಕು. ಹೇಳಿದ ಮೇಲೆ ಕರೆದವರ ಕೈ ಬುತ್ತಿಗೆ ಹೋಗಬೇಕು. ದೊಡ್ಡವರಿಗೆ ಇದು ಬಾಯಿಪಾಠ, ಉತ್ತರ ಪೂರ್ತಿ ಕೇಳಿಸಿಕೊಳ್ಳುವುದೂ ಇಲ್ಲ. ಎಲೆತೋಟದ ಬದುವಿನ ಮೇಲೆ ಕೂಲಿಯವರ ಜೊತೆ ಕೂತು ಉಂಡು ಬೆಳೆದ ಅತ್ತೆ ಇದನ್ನು ಮೊಮ್ಮಗಳಿಗೆ ಮಾತು ಬಂದಾಗಿನಿಂದ ಕಲಿಸಿದ್ದರು. ಅವಳು "ಬಾ ಅಜ್ಜಿ" ಅನ್ನುವುದು, ಅವರು "ನಂದು ಆಗೇತವ್ವ, ನೀ ಮಾಡು" ಅನ್ನುವುದು, ಆಮೇಲೆ ಅವಳ ಕೈ ತಾಟಿಗೆ ಹೋಗುವುದು. ಅಪ್ಪಣೆ ಸಿಗದೆ ಉಣ್ಣುವುದುಂಟು ಎಂದು ನನ್ನ ಮಗಳಿಗೆ ಗೊತ್ತೇ ಇರಲಿಲ್ಲ. ಅವಳು ಇಷ್ಟು ದಿನ ಹಸಿದು ಕೂತದ್ದು ಮರ್ಯಾದೆಗಾಗಿ. ಅದಕ್ಕೆ ಸಿಕ್ಕ ಹೆಸರು ಮಾತುಗಾರ್ತಿ, ಹಸಿವಿಲ್ಲದವಳು, ಇನ್ನೂ ಸಣ್ಣಾಕಿ.

ಕಣ್ಣೊರೆಸಿಕೊಂಡು ನೇರ ಹೆಡ್ ಮೇಡಂ ಕೋಣೆಗೆ ನುಗ್ಗಿದೆ. ಕೇಳಿಯೇ ಬಿಡುತ್ತೇನೆ, ಟಿಸಿ ಕೊಟ್ಟರೂ ಸರಿ ಎಂದು ಬಾಯಿ ತುಂಬ ಮಾತು ಕಟ್ಟಿಕೊಂಡು ಹೋಗಿದ್ದೆ. ಹಾನಗಲ್ ಕಡೆಯ ಹೆಂಗಸು, ನಮ್ಮವ್ವನ ವಯಸ್ಸು. ಮೇಜಿನ ಮೇಲೆ ತಮ್ಮ ಸ್ಟೀಲಿನ ಡಬ್ಬಿ ಬಿಚ್ಚಿ ಚಮಚ ಕೈಯಲ್ಲಿ ಹಿಡಿದಿದ್ದರು. ನನ್ನನ್ನು ಕಂಡವರೇ ನಕ್ಕರು.

"ಬರ್ರಿ, ಕುಂದರ್ರಿ. ನಾಷ್ಟಾ ಮಾಡೂಣು ಬರ್ರಿ."

ಉತ್ತರ ನನ್ನ ನಾಲಿಗೆಯ ತುದಿಗೆ ಬಂದೇ ಬಂತು. ಎಷ್ಟು ಸಿಟ್ಟಿದ್ದರೂ ತಾನಾಗಿ ಬರುವ ಮಾತು ಅದು. ನುಂಗಿಕೊಂಡೆ. ಎದುರಿನ ಕುರ್ಚಿಯಲ್ಲಿ ಕೂತು ಅವರ ಮುಖವನ್ನೇ ನೋಡಿದೆ.

ಅವರ ಚಮಚ ಅವಲಕ್ಕಿಯ ಮೇಲೆ ನಿಂತಿತು. "ತುಸು ತಗೋರಿ," ಎಂದರು. ನಾನು ಮಾತಾಡಲಿಲ್ಲ. ಅವರು ಕಿಟಕಿಯ ಕಡೆ ನೋಡಿದರು, ಮತ್ತೆ ನನ್ನ ಕಡೆ ನೋಡಿದರು. ಕೊನೆಗೆ ಚಮಚ ಕೆಳಗಿಟ್ಟರು.

"ಯಾಕ್ರಿ, ಏನಾತು?"

"ಏನಿಲ್ರಿ. ನಾ 'ನೀವು ಮಾಡ್ರಿ' ಅಂದಿದ್ರ ತಿಂತಿದ್ರಿ. ನಾ ಅನ್ನಲಿಲ್ಲ, ಅದಕ್ಕ ಕುಂತೀರಿ."

"ನೀವು ಹಿಂಗ ಸುಮ್ಮ ಕುಂತ್ರ ನಾ ಹೆಂಗ ತಿನ್ಲಿರಿ?"

"ನನ್ನ ಮಗಳೂ ಹಿಂಗ ಕುಂದರ್ತಾಳ್ರಿ. ದಿನಾ. ನಿಮ್ಮ ಸಾಲ್ಯಾಗ."

ಕಿಟಕಿಯಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ಕೇಳಿದ ಮೇಲೆ ಅವರು ಹಗುರಾಗಿ ಉಸಿರು ಬಿಟ್ಟು, "ಅಯ್ಯ, ಇಷ್ಟ ಏನ್ರಿ?" ಎಂದರು. ಆ 'ಇಷ್ಟ' ಎಂಬ ಮಾತಿಗೆ ನನ್ನ ತಲೆ ಕೆಟ್ಟುಹೋಯಿತು. ಕೂಸೊಂದು ತುಂಬಿದ ಡಬ್ಬಿಯ ಮುಂದೆ ಉಪವಾಸ ಕೂತರೆ ಅದು ಇಷ್ಟೇ! ಅಂಗಳದ ಆಯಾಗೂ ಕೇಳಿಸುವ ಹಾಗೆ ಕೂಗಾಡಿದೆ. ಇಂಗ್ಲಿಷ್ ಕಲಿಸಿರಿ, ಬೇಡ ಅನ್ನುವುದಿಲ್ಲ, ಆದರೆ ಕರೆದ ಕೂಸಿಗೆ ಓ ಅನ್ನಬೇಡಿ ಎಂದು ಯಾವ ಇಂಗ್ಲಿಷಿನಲ್ಲಿ ಬರೆದಿದೆ ಎಂದು ಕೇಳಿದೆ. ನಾನು ಬೇಡಿದ್ದು ಒಂದೇ. ಮಿಸ್ ಆಗಲಿ, ಆಯಾ ಆಗಲಿ, ಯಾರಾದರೊಬ್ಬರು ಅವಳಿಗೆ ಆ ಎರಡು ಮಾತು ಹೇಳಬೇಕು.

"ಆತ್ರಿ, ನಾ ಮಿಸ್‌ಗೆ ಹೇಳ್ತೇನಿ," ಎಂದರು ಅವರು. ಮುಖ ಸಣ್ಣದಾಗಿತ್ತು. ಡಬ್ಬಿ ಹಾಗೇ ಇತ್ತು. ಬಾಗಿಲವರೆಗೆ ಹೋದವಳು ತಿರುಗಿ, "ನಂದು ಆಗೇತ್ರಿ, ನೀವು ಮಾಡ್ರಿ" ಎಂದೆ. ಸಿಟ್ಟಿದೆ ಎಂದು ಒಬ್ಬರನ್ನು ಹಸಿದು ಕೂಡಿಸಲು ನನ್ನಿಂದಾಗಲಿಲ್ಲ. ನಿಜವೆಂದರೆ ಮುಂಜಾನೆಯಿಂದ ನನ್ನ ಹೊಟ್ಟೆಗೂ ಏನೂ ಬಿದ್ದಿರಲಿಲ್ಲ.

ಮರುದಿನ ಡಬ್ಬಿ ಖಾಲಿ ಬಂತು. ನಾನು ಅದನ್ನು ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿ ನೋಡಿದೆ. ಅತ್ತೆಗೆ ತೋರಿಸಿದೆ. ಮಗಳು ಕೈ ಮುಂದೆ ಚಾಚಿದಳು. ಮಣಿಕಟ್ಟಿನ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ನಕ್ಷತ್ರ ಬರೆದಿತ್ತು.

"ಮಿಸ್ ಹಾಕ್ಯಾರ. ನಾ ಗುಡ್ ಗರ್ಲ್."

"ಯಾರು ಹೇಳಿದ್ರವ್ವ ನಿನಗ, ಮಿಸ್ಸೋ, ಆಯಾನೋ?"

"ಯಾರೂ ಹೇಳಾಂಗಿಲ್ಲ. ಯಾರ್ನೂ ಕರೀಬಾರದು. ನನ್ನ ಡಬ್ಬಿ ನಾನ ತಿನ್ನಬೇಕು, ಅವಾಗ ಸ್ಟಾರ್."

ಇದು ಅವರು ಕಂಡುಕೊಂಡ ಉಪಾಯ. ಎರಡು ಮಾತು ಹೇಳುವುದು ಅವರಿಗೆ ಭಾರವಾಯಿತು, ಕೂಸಿನ ಬಾಯಿಂದ ಆ ಕರೆಯನ್ನೇ ಕಿತ್ತುಹಾಕುವುದು ಹಗುರವಾಯಿತು. ಸಂಜೆ ಬಂದ ಗಂಡ ಖಾಲಿ ಡಬ್ಬಿ ನೋಡಿ, "ಬಗೀಹರೀತಲ್ಲ, ಇನ್ನ ಯಾಕ ಮಾರಿ ಹಂಗ ಮಾಡ್ಕೊಂಡಿ?" ಎಂದು ನಕ್ಕ. ನಾನು ಕೈಯಲ್ಲಿದ್ದ ಸೌಟನ್ನು ಕಟ್ಟೆಯ ಮೇಲೆ ಕುಕ್ಕಿದೆ. ಮಗಳ ಹೊಟ್ಟೆ ತುಂಬಿದೆ, ಶಾಲೆ ಬಿಡಿಸುವ ಮಾತಿಲ್ಲ. ಇನ್ನು ಯಾರ ಮೇಲೆ ಕೂಗಬೇಕು ಎಂದು ತಿಳಿಯದ ಸಿಟ್ಟು ಎಲ್ಲಕ್ಕಿಂತ ಕೆಟ್ಟದ್ದು.

ರಾತ್ರಿ ಊಟಕ್ಕೆ ಎಂದಿನಂತೆ ಮೊದಲು ಮಗಳಿಗೆ ಬಡಿಸಿದೆ. ಹಾಲು ಹಾಕಿ ನೆನೆಸಿದ ರೊಟ್ಟಿ. ಅತ್ತೆ ಪಕ್ಕದಲ್ಲೇ ತಮ್ಮ ತಾಟು ಮುಂದಿಟ್ಟುಕೊಂಡು ಕೂತಿದ್ದರು. ಮಗಳು ತಾಟನ್ನು ತನ್ನ ಕಡೆ ಎಳೆದುಕೊಂಡು ತಿನ್ನತೊಡಗಿದಳು. ಅತ್ತೆ ಅವಳ ಮುಖ ನೋಡುತ್ತ ಕಾದರು. ಅವಳು ಇನ್ನೊಂದು ತುತ್ತು ಎತ್ತಿದಳು. ಆಮೇಲೆ ಮತ್ತೊಂದು.

"ನಂದು ಆಗೇತವ್ವ, ನೀ ಮಾಡು," ಎಂದರು ಅತ್ತೆ, ಯಾರೂ ಕರೆಯದಿದ್ದರೂ.

ಮಗಳು ತಲೆ ಎತ್ತಲಿಲ್ಲ. ಅತ್ತೆಯ ತಾಟಿಗೆ ನಾನಿನ್ನೂ ಏನನ್ನೂ ಬಡಿಸಿರಲಿಲ್ಲ.