ಅತ್ತಿಗೆ ಕಟ್ಟಿದ ಮುದ್ದೆ

ಡಾಕ್ಟರಮ್ಮ ಬರಿಗೈಯಲ್ಲಿ ಮಣಿಕಟ್ಟು ಹಿಡಿದು ನೋಡಿದಾಗ ನಮ್ಮ ಅತ್ತಿಗೆ ಬೆಚ್ಚಿಬಿದ್ದರು. “ಮುಟ್ಬ್ಯಾಡಿ ಕಣವ್ವಾ, ನಿಮ್ಗೂ ಅಂಟ್ಕಬುಡ್ತದ!”

ವರ್ಷದಿಂದ ಅವರ ಮಣಿಕಟ್ಟಿನ ತುಂಬ ನೇರಳೆ ಬಣ್ಣದ ದದ್ದು, ತಡೆಯಲಾರದ ನವೆ. ಪಣಕಹಳ್ಳಿಯಲ್ಲಿ ಯಾರ ಮನೆಯ ಊಟವಾದರೂ ಮುದ್ದೆ ಕಟ್ಟುತ್ತಿದ್ದವರು ಅವರೇ. ಈಗ ಯಾರೂ ಕರೆಯುತ್ತಿರಲಿಲ್ಲ. ನಮ್ಮ ಮನೆಯಲ್ಲೇ ಅವ್ವ ಅವರಿಗೆ ಬೇರೆ ತಟ್ಟೆ ಇಟ್ಟಿದ್ದಳು. ಅವತ್ತು ಚಾಮರಾಜನಗರದ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಖಾಲಿಯಿದ್ದರೂ ನಾನು ನಿಂತೇ ಬಂದಿದ್ದೆ.

ಡಾಕ್ಟರಮ್ಮ ಕೈ ಬಿಡಲಿಲ್ಲ. “ಇದು ಮುಟ್ಟಿದರೆ ಅಂಟೋದಲ್ಲಮ್ಮ. ಯಾವಾಗಲಾದರೂ ರಕ್ತ ಹಾಕಿಸ್ಕೊಂಡಿದ್ರಾ?”

ಹಾಕಿಸಿಕೊಂಡಿದ್ದರು, ಮೊದಲ ಹೆರಿಗೆಯಲ್ಲಿ. ಪರೀಕ್ಷೆ ಮಾಡಿಸಿದರೆ ಹೆಪಟೈಟಿಸ್ ಸಿ. ಎಷ್ಟೋ ವರ್ಷದಿಂದ ಸದ್ದಿಲ್ಲದೆ ಲಿವರಿನಲ್ಲಿ ಕೂತಿದ್ದ ಕಾಯಿಲೆಯ ಸುಳಿವು ಚರ್ಮದ ಮೇಲೆ ಕಂಡಿತ್ತು. ಇದು ರಕ್ತದಿಂದ ಬರುವಂಥದ್ದು, ಜೊತೆಗೆ ಕೂತು ಉಂಡರೆ ಅಂಟುವುದಿಲ್ಲ; ಚಿಕಿತ್ಸೆ ತಿಂಗಳುಗಟ್ಟಲೆ ಬೇಕು, ಆದರೆ ಸಕಾಲಕ್ಕೆ ಬಂದಿದ್ದೀರಿ ಎಂದರು ಡಾಕ್ಟರಮ್ಮ. ಊರಿಗೆ ವಾಪಸಾಗುವಾಗ ನಾನು ಅತ್ತಿಗೆಯ ಪಕ್ಕದಲ್ಲೇ ಕೂತೆ.

ಮೊದಲ ಇಂಜೆಕ್ಷನ್ ಹಾಕಿಸಿಕೊಂಡು ಬಂದ ಸಂಜೆ ಅತ್ತಿಗೆಯೇ ಒಲೆಯ ಮುಂದೆ ಕೂತು ಮುದ್ದೆ ಕಟ್ಟಿದರು. ಕೈಮೇಲೆ ದದ್ದು ಇನ್ನೂ ಹಾಗೇ ಇತ್ತು. ಬೇರೆ ತಟ್ಟೆ ಇಟ್ಟಿದ್ದ ಅವ್ವ ಎರಡನೇ ಮುದ್ದೆಯನ್ನು ಕೇಳಿ ಹಾಕಿಸಿಕೊಂಡಳು.